ಕಿತ್ತಳೆ ಸಿಪ್ಪೆಯ ಪರಿಮಳ

ಪ್ರತಿ ಭಾನುವಾರ ಮಧ್ಯಾಹ್ನ ಬೋಪಯ್ಯನವರ ಮನೆಯ ಜಗಲಿಯಲ್ಲಿ ಬಿಯರ್ ಪ್ರಿಯರು ಸೇರುತ್ತಿದ್ದರು. ಆ ವಾರ ಕುಡಿದದ್ದರಲ್ಲಿ ಮೆಚ್ಚಿದ ಬಾಟಲಿಯ ಲೇಬಲ್ ಬಿಡಿಸಿ ತಂದು, ದಪ್ಪ ಪುಸ್ತಕಕ್ಕೆ ಅಂಟಿಸಿ, ರುಚಿಯನ್ನು ಬಣ್ಣಿಸಬೇಕು. ಅದು ಅವರ ನಿಯಮ.

ವರದರಾಜು ಡಾಕ್ಟರ ಮಾತಿಗೆ ಹೆದರಿ ಕುಡಿತ ಬಿಟ್ಟು ಐದು ತಿಂಗಳಾಗಿತ್ತು. ಹೇಳಿಕೊಳ್ಳಲು ನಾಚಿಕೆ, ಹೇಳಿದರೆ ಈ ಜಗಲಿಯೂ ಕೈತಪ್ಪೀತೆಂಬ ಅಂಜಿಕೆ. ಹಾಗಾಗಿ ಗುಜರಿ ಅಂಗಡಿಯಲ್ಲಿ ಸೀಮೆಎಣ್ಣೆ ಡಬ್ಬಗಳ ಪಕ್ಕ ರಾಶಿ ಬಿದ್ದ ಖಾಲಿ ಬಾಟಲಿಗಳಿಂದ ಲೇಬಲ್ ಬಿಡಿಸಿ ತರುತ್ತಿದ್ದ.

“ಈ ಏಲ್ ಬಿಯರ್ ಇದೆಯಲ್ಲ, ಮೊದಲ್ನೇ ಗುಟುಕಿಗೇ ಕಿತ್ತಳೆ ಸಿಪ್ಪೆ ಪರಿಮಳ. ಆಮೇಲೆ ನಾಲಿಗೆ ತುದೀಲಿ ಸಣ್ಣ ಕಹಿ,” ಎಂದು ಅವತ್ತೂ ಬಣ್ಣಿಸಿದ. ಎಲ್ಲರೂ ತಲೆದೂಗಿದರು. ಮೂಸಿಯೇ ಬಿಯರಿನ ಜಾತಕ ಹೇಳಬಲ್ಲರೆಂದು ಹೆಸರಾಗಿದ್ದ ಬೋಪಯ್ಯ ಮಾತ್ರ ಲೇಬಲ್ಲನ್ನು ಮೂಗಿಗೆ ಹಿಡಿದು, ಪುಸ್ತಕಕ್ಕೆ ಅಂಟಿಸದೆ ಪಕ್ಕಕ್ಕಿಟ್ಟರು.

ಉಳಿದವರು ಹೋದ ಮೇಲೆ ಅವನನ್ನು ತಡೆದರು.

“ಇದನ್ನ ಎಲ್ಲಿ ಕುಡಿದೆ?”

“ಗುರುವಾರ, ಹೊಸ ಬಾರಲ್ಲಿ ಸಾರ್.”

“ಸೀಮೆಎಣ್ಣೆ ವಾಸನೆ ಹೊಡೀತಿದೆಯಲ್ಲಯ್ಯ. ನಿಜ ಹೇಳು.”

ವರದರಾಜುವಿಗೆ ತಲೆ ಎತ್ತಲಾಗಲಿಲ್ಲ. “ಕುಡಿದೇ ಇಲ್ಲ ಸಾರ್. ಐದು ತಿಂಗಳಿಂದ ಒಂದು ತೊಟ್ಟೂ ಮುಟ್ಟಿಲ್ಲ. ಇದು ಗುಜರಿ ಅಂಗಡೀದು.”

ಬೋಪಯ್ಯ ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು.

“ರೈಲ್ವೆ ಗೇಟ್ ಹತ್ರದ್ದು ತಾನೆ? ನೀನು ಮಂಗಳವಾರ ಹೋಗು. ಶುಕ್ರವಾರ ನನಗೆ ಬಿಡು.”