ಶೀಲ್ ಫಾಟಾದ ಸ್ಪ್ಯಾನಿಷ್

ಪ್ರಶ್ನೆ ಕೇಳಿ ಎರಡು ನಿಮಿಷವಾಗಿತ್ತು. ಮುಂಡಪ್ಪನವರ ಬಾಯಿ ತೆರೆದದ್ದು ತೆರೆದೇ ಇತ್ತು. ಒಳಗಿಂದ ಒಂದಕ್ಷರ ಹೊರಡಲಿಲ್ಲ.

ಎದುರಿನ ಸೋಫಾದಲ್ಲಿ ಕೂತವರು ಸ್ಪ್ಯಾನಿಷ್ ಬಿಟ್ಟು ಬೇರೆ ಭಾಷೆ ಬಾರದ, ಪೆರು ದೇಶದ ರೊಸಾರಿಯೊ. ಅವರ ಮಗಳು ಎಲೆನಾ, ಇವರ ಮಗ ಸುಜನ್, ಇಬ್ಬರೂ ಒಂದೇ ಪ್ರವಾಸಿ ಹಡಗಿನ ಅಡುಗೆಮನೆಯಲ್ಲಿ ಕೆಲಸಕ್ಕಿದ್ದವರು. ಮದುವೆಯಾದ ಮೇಲೆ ಎಲೆನಾ ಹಡಗು ಬಿಟ್ಟು ಡೊಂಬಿವಲಿಯ ಈ ಮನೆಯಲ್ಲಿರುವುದೆಂದು ಅವರಿಬ್ಬರೇ ನಿಶ್ಚಯ ಮಾಡಿಕೊಂಡಾಗಿತ್ತು. ಮನೆ ನೋಡದೆ, ಮನೆಯವರ ಬಾಯಿಂದಲೇ ಕೇಳದೆ ತಾನು ಒಪ್ಪುವವಳಲ್ಲ ಎಂದು ತಾಯಿ ಒಬ್ಬರೇ ವಿಮಾನ ಹತ್ತಿ ಬಂದಿದ್ದರು. ಅರ್ಥ ಹೇಳಲು ಹೊರಟ ಸುಜನನನ್ನು ಕೈಯೆತ್ತಿ ತಡೆದೂಬಿಟ್ಟರು. ಹುಡುಗರು ತಮಗೆ ಬೇಕಾದ ಹಾಗೆ ಅರ್ಥ ಹೇಳುತ್ತಾರಂತೆ. ಮುಂಡಪ್ಪನವರ ಮುಖವನ್ನೇ ನೋಡುತ್ತ, ಬಿಡಿಸಿ ಬಿಡಿಸಿ ಕೇಳಿದರು. ಸುಜನ್ ಅದನ್ನು ತನ್ನ ಅಮ್ಮ ಜಯಲತಾರ ಕಿವಿಯಲ್ಲಷ್ಟೇ ಹೇಳಿದ: ನಿಮ್ಮ ಮಗ ವರ್ಷದಲ್ಲಿ ಒಂಬತ್ತು ತಿಂಗಳು ಸಮುದ್ರದ ಮೇಲೆ. ಆಗ ನನ್ನ ಮಗಳಿಗೆ ಇಲ್ಲಿ ಯಾರು?

ಜಯಲತಾ ಗಂಡನನ್ನು ನೋಡಿದರು. ಆರು ತಿಂಗಳಿಂದ ಈ ಮನುಷ್ಯ ತಮ್ಮ ಹೋಟೆಲಿನ ತರಕಾರಿಗೆಂದು ದಿನಾ ಬೆಳಿಗ್ಗೆ ವಾಶಿ ಮಾರ್ಕೆಟಿಗೆ ವ್ಯಾನು ಓಡಿಸುವಾಗ, ಹೋಗುತ್ತ ಬರುತ್ತ ಸ್ಪ್ಯಾನಿಷ್ ಪಾಠದ ರೆಕಾರ್ಡಿಂಗ್ ಹಾಕಿಕೊಳ್ಳುತ್ತಿದ್ದರು. ಪಾಠದ ಹೆಂಗಸು ಒಂದು ವಾಕ್ಯ ಹೇಳಿ ಸುಮ್ಮನಾಗುತ್ತಾಳೆ. ಆ ಸುಮ್ಮನಿರುವಷ್ಟರಲ್ಲಿ ಇವರು ಹೇಳಿ ಮುಗಿಸಬೇಕು. ಶೀಲ್ ಫಾಟಾದ ಟ್ರಾಫಿಕ್ಕಿನಲ್ಲಿ ಸಿಕ್ಕಿಬಿದ್ದು, ಗಾಜು ಇಳಿಸಿ, ಪಕ್ಕದ ಟ್ರಕ್ಕಿನವನು ಬಗ್ಗಿ ನೋಡುವ ಹಾಗೆ ಹೇಳುತ್ತಿದ್ದರು. ಒಂದು ದಿನ ಜೊತೆಗೆ ಹೋದ ಜಯಲತಾ ಸುಮ್ಮನಿರಲಾಗದೆ ಚುಚ್ಚಿದ್ದರು.

"ಆ ಹೆಂಗಸಿನ ಹತ್ರ ಇಷ್ಟು ಮಾತು ಉಂಟು. ನನ್ನ ಹತ್ರ ಮೂವತ್ತು ವರ್ಷದಿಂದ ಬರೀ ಹೂಂ, ಉಹೂಂ!"

"ನಾಳೆ ಹುಡುಗಿಯ ಅಮ್ಮ ಬಂದ್ರೆ ಹೂಂ ಉಹೂಂ ಸಾಕಾಗ್ತದಾ?" ಎಂದಿದ್ದರು ಮುಂಡಪ್ಪ.

ಈಗ ಆ ಅಮ್ಮ ಬಂದು ಕೂತಿದ್ದಾರೆ. ಹೂಂ ಕೂಡ ಬರುತ್ತಿಲ್ಲ.

"ಹೇಳಿ ಮಾರ್ರೆ. ಅವರು ಕೇಳಿದ್ದು ಗೊತ್ತಾಯ್ತಲ್ಲ ನಿಮ್ಗೆ?"

"ಗೊತ್ತಾಗಿದೆ. ಉತ್ತರವೂ ಉಂಟು." ಮುಂಡಪ್ಪ ಹೆಂಡತಿಯ ಕಡೆ ತಿರುಗಿದರು. "ಬಾಯಿಗೆ ಬರುದಿಲ್ಲ ಮಾರಾಯ್ತಿ. ಎಂತ ಮಾಡುದು?"

ರೊಸಾರಿಯೊ ತಮ್ಮ ಕೈಚೀಲವನ್ನು ಮಡಿಲಿಗೆ ಎಳೆದುಕೊಂಡು ಅದರ ಜಿಪ್ಪು ಹಾಕಿದರು. ಹೊರಡುವವರು ಹಾಕುವ ಹಾಗೆ.

ಆಗ ಜಯಲತಾರ ಕಣ್ಣಿಗೆ ಬಿತ್ತು ಗಂಡನ ಎಡಗೈ. ಅದು ಸೋಫಾದ ಮೇಲೆ ಏನನ್ನೋ ಹುಡುಕುತ್ತಿತ್ತು. ಮುಂದಕ್ಕೆ ತಳ್ಳಿತು, ಹಿಂದಕ್ಕೆ ಎಳೆಯಿತು, ಏನೂ ಸಿಗದೆ ಮುಷ್ಟಿಯಾಯಿತು. ಬಲಗಾಲು ಬೇರೆ ಟೈಲ್ಸನ್ನು ಒತ್ತುತ್ತಿತ್ತು.

"ಇವ್ರೇ, ಗಾಡಿ ಕೀ ಎಲ್ಲುಂಟು?"

"ಮಮ್ಮಿ, ಅಭೀ? ಗಾಡಿ ಕ್ಯೂಂ?" ಸುಜನ್ ಹೌಹಾರಿದ.

"ನೀನು ಬಾಯಿ ಮುಚ್ಚಿ ಹಿಂದೆ ಕೂತ್ಕೋ ಮಾರಾಯ."

ಜಯಲತಾ ರೊಸಾರಿಯೊರ ಕೈ ಹಿಡಿದು ಎಬ್ಬಿಸಿ, ಲಿಫ್ಟಿನಲ್ಲಿ ಇಳಿಸಿ, ಕೊತ್ತಂಬರಿ ಸೊಪ್ಪಿನ ವಾಸನೆಯ ವ್ಯಾನಿನ ಮುಂದಿನ ಸೀಟಿನಲ್ಲಿ ಕೂರಿಸಿಯೇ ಬಿಟ್ಟರು. ಮುಂಡಪ್ಪ ಬೆಲ್ಟು ಹಾಕಿಕೊಂಡರು, ಕನ್ನಡಿ ಸರಿ ಮಾಡಿದರು. ವ್ಯಾನು ಹೌಸಿಂಗ್ ಸೊಸೈಟಿಯ ಗೇಟು ದಾಟಿತು. ಮಾನಪಾಡಾ ರಸ್ತೆಗೆ ಬಂದು ಮೂರನೇ ಗೇರು ಬಿದ್ದದ್ದೇ ತಡ, "ಸೆನ್ಯೋರಾ..." ಎಂದರು. ಕಣ್ಣು ರಸ್ತೆಯ ಮೇಲೆಯೇ ಇತ್ತು. ಅಲ್ಲಿಂದ ನಿಲ್ಲಲಿಲ್ಲ. ಅಡ್ಡ ಬಂದ ರಿಕ್ಷಾಕ್ಕೆ ಹಾರನ್ ಹೊಡೆಯುತ್ತ, ಹೊಂಡ ತಪ್ಪಿಸುತ್ತ, ಅವರು ಮಾತಾಡಿದರು, ಮಾತಾಡಿದರು. ಹಿಂದಿನ ಸೀಟಿನಲ್ಲಿದ್ದ ಜಯಲತಾ ಮುಂದಕ್ಕೆ ಬಾಗಿದರು. ಬೆನ್ನು ಅದೇ, ನರೆಗೂದಲಿನ ಕುತ್ತಿಗೆ ಅದೇ. ಈ ಮಾತಿನ ಮನುಷ್ಯ ಇಷ್ಟು ವರ್ಷ ಎಲ್ಲಿ ಕೂತಿದ್ದ?

"ಪಪ್ಪ ಎಂತ ಹೇಳ್ತಿದ್ದಾರೆ?"

"ಎಲ್ಲ ಪಾಠದ್ದೇ ವಾಕ್ಯ ಮಮ್ಮಿ. ಹೋಟೆಲು, ಸ್ಟೇಶನ್ನು, ಮೆಡಿಕಲ್ಲು... ಅದನ್ನೇ ಜೋಡಿಸಿ..." ಸುಜನ್ ತಗ್ಗಿದ ದನಿಯಲ್ಲಿ ಒಂದೊಂದಾಗಿ ಹೇಳುತ್ತ ಹೋದ. ನಿಮ್ಮ ಮಗಳಿಗೆ ಹಸಿವು. ನಾನು ಬಡಿಸುತ್ತೇನೆ, ಆಮೇಲೆ ನಾನು ಊಟ ಮಾಡುತ್ತೇನೆ. ನಿಮ್ಮ ಮಗಳಿಗೆ ತಲೆನೋವು. ಔಷಧಿ ಅಂಗಡಿ ಎಲ್ಲಿದೆ ಎಂದು ನಾನು ಕೇಳುತ್ತೇನೆ. ರೈಲು ತಡ. ನಾನು ಸ್ಟೇಶನ್ನಿನಲ್ಲಿ ನಿಂತಿದ್ದೇನೆ. ನಿಮ್ಮ ಮಗಳಿಗೆ ಅಮ್ಮ ಬೇಕು. ದಯವಿಟ್ಟು ಎರಡು ಟಿಕೆಟ್ ಕೊಡಿ. ಒಂದು ಅವಳಿಗೆ, ಒಂದು ನನಗೆ.

ಅಲ್ಲಿಗೆ ಸುಜನ್ ಕಿಟಕಿಯ ಕಡೆ ಮುಖ ತಿರುಗಿಸಿಬಿಟ್ಟ. ಮುಂದಿನದ್ದಕ್ಕೆ ಅರ್ಥ ಹೇಳುವವರಿರಲಿಲ್ಲ, ಜಯಲತಾ ಕೇಳಲೂ ಇಲ್ಲ. ಮುಂದಿನ ಸೀಟಿನಲ್ಲಿ ರೊಸಾರಿಯೊ ಮಡಿಲಿನ ಚೀಲವನ್ನು ಮೆಲ್ಲಗೆ ಕಾಲ ಬಳಿ ಇಳಿಸಿದ್ದು ಮಾತ್ರ ಕಂಡಿತು.

ಮನೆಗೆ ಮರಳಿ ಮತ್ತೆ ಸೋಫಾದಲ್ಲಿ ಕೂತರು. ಮದುವೆಗೆ ಯಾವ ತಿಂಗಳು ಅನುಕೂಲ ಎಂದು ರೊಸಾರಿಯೊ ಕೇಳಿದರು. ಮುಂಡಪ್ಪನವರ ಬಾಯಿ ತೆರೆಯಿತು, ತೆರೆದೇ ಇತ್ತು. ರೊಸಾರಿಯೊ ಒಂದು ಗಳಿಗೆ ನೋಡಿದರು. ಟೀಪಾಯಿಯ ಮೇಲಿನ ದುಂಡನೆಯ ಸ್ಟೀಲ್ ಹರಿವಾಣದಲ್ಲಿದ್ದ ಗೋಳಿಬಜೆಗಳನ್ನೆಲ್ಲ ಪಕ್ಕದ ತಟ್ಟೆಗೆ ಸುರಿದು, ಎಣ್ಣೆಯನ್ನು ತಮ್ಮ ಕರವಸ್ತ್ರದಿಂದ ಒರೆಸಿ, ಹರಿವಾಣವನ್ನು ಮುಂಡಪ್ಪನವರ ಎರಡೂ ಕೈಗೆ ಹಿಡಿಸಿದರು. ಆಮೇಲೆ ಎದ್ದು ಬಂದು ಅವರ ಎಡಕ್ಕೆ ಕೂತು, ಹೆಗಲ ಮೇಲಿಂದ ಇಲ್ಲದ ಬೆಲ್ಟನ್ನು ಎಳೆದು ಸೊಂಟದ ಬಳಿ ಸಿಕ್ಕಿಸಿಕೊಂಡರು.