ಏರು ಹತ್ತದ ಕಾರು

ನಿನ್ನೆಯ ಊಟದ ಡಬ್ಬಿ ತೊಳೆಯಲೆಂದು ಮುಚ್ಚಳ ತೆಗೆದ ತಾಯಿ ನಲ್ಲಿ ನಿಲ್ಲಿಸಿಬಿಟ್ಟಳು. ಅರ್ಧ ಊಟ ಹಾಗೆಯೇ ಇತ್ತು. ಈ ವಾರದಲ್ಲಿ ಇದು ನಾಲ್ಕನೆಯ ಸಲ. ಏಳು ವರ್ಷದ ಮಗಳು, ಒಂದು ಕಡೆ ನಿಲ್ಲದ್ದಕ್ಕೆ ಬುಗುರಿ ಎಂದೇ ಹೆಸರಾದವಳು. ಈಗ ಜ್ವರವಿಲ್ಲ, ಹೊಟ್ಟೆನೋವಿಲ್ಲ, ಕೇಳಿದರೆ ‘ಸಾಕಾಯ್ತು’ ಎನ್ನುವುದು ಬಿಟ್ಟು ಬೇರೆ ಮಾತಿಲ್ಲ. ನಿನ್ನೆಯಂತೂ ಏರಿನ ಬುಡದಲ್ಲೇ ಕಾರಿನಿಂದ ಇಳಿದು ಶಾಲೆಗೆ ನಡೆದೇ ಹೋಗುತ್ತೇನೆಂದು ಹಟ ಹಿಡಿದಿದ್ದಳು. ಇವತ್ತು ಏನಾದರಾಗಲಿ, ಪಕ್ಕದಲ್ಲಿ ಕೂರಿಸಿಕೊಂಡು ಕೇಳಬೇಕು ಎಂದು ತಾಯಿ ಕೈ ಒರೆಸಿಕೊಳ್ಳುವಷ್ಟರಲ್ಲಿ ಗೇಟಿನ ಹತ್ತಿರ ತಮ್ಮನ ಹಾರನ್ ಕೇಳಿತು.

ತಮ್ಮನದು ಗ್ಯಾರೇಜು, ತಲೆತುಂಬ ಓಟದ ಕಾರುಗಳು. ಒಂದು ತಿಂಗಳಿಂದ ಅಕ್ಕನ ಹಳೆಯ ಕಾರು ಏರಿನಲ್ಲಿ ಏದುಸಿರು ಬಿಡುತ್ತಿತ್ತು. ಮೇಲಿನ ಆಸ್ಪತ್ರೆಯ ಲ್ಯಾಬಿಗೆ ಅವಳು ಎಂಟಕ್ಕೆ ತಲುಪದಿದ್ದರೆ, ಬರಿಹೊಟ್ಟೆಯಲ್ಲಿ ರಕ್ತ ಕೊಡಲು ಬಂದವರು ಬಾಗಿಲಲ್ಲೇ ಕೂತಿರಬೇಕು. ಬೇರೆ ಮೆಕ್ಯಾನಿಕ್ ಆಗಿದ್ದರೆ ಮೊದಲು ಎಲ್ಲಿ ಏನು ಕೆಟ್ಟಿದೆ ಎಂದು ನೋಡುತ್ತಿದ್ದ. ತಾನೇ ಕೈಯಾರೆ ಸರ್ವಿಸ್ ಮಾಡಿದ ಕಾರಿನಲ್ಲಿ ಕೆಡುವುದೇನಿದೆ ಎನ್ನುವುದು ಇವನ ಲೆಕ್ಕ. ಇಂಜಿನ್ನಿಗೆ ತಾಕತ್ತು ಸಾಲದು, ತಾಕತ್ತು ತುಂಬಿದರಾಯಿತು.

ಅವನು ತನ್ನ ಕಾರಿನ ಡಿಕ್ಕಿ ತೆರೆದು ಬಟ್ಟೆ ಅಂಗಡಿಯವನಂತೆ ಎರಡು ಸಾಮಾನು ತೋರಿಸಿದ. ಒಂದು, ಮೊಣಕಾಲೆತ್ತರದ ನೀಲಿ ನೈಟ್ರಸ್ ಗ್ಯಾಸ್ ಬಾಟಲಿ. ಇನ್ನೊಂದು, ಎರಡು ಕೈಯಲ್ಲಿ ಎತ್ತಬೇಕಾದ ಸೂಪರ್‌ಚಾರ್ಜರ್. ಇಂಜಿನ್ ಜೋರು ಮಾಡಬೇಕಾದರೆ ಅದಕ್ಕೆ ಹೆಚ್ಚು ಗಾಳಿ ಕುಡಿಸಬೇಕು ಎಂದು ವಿವರಿಸಿದ. ಸೂಪರ್‌ಚಾರ್ಜರ್ ಬೆಲ್ಟಿನ ಮೇಲೆ ತಿರುಗುತ್ತ, ಕಾರು ಓಡುವಷ್ಟು ಹೊತ್ತೂ ಗಾಳಿಯನ್ನು ಒತ್ತಿ ಒಳಗೆ ತಳ್ಳುತ್ತದಂತೆ. ನೈಟ್ರಸ್ ಹಾಗಲ್ಲ, ಬಾಟಲಿಯ ಗ್ಯಾಸು ಇಂಜಿನ್ನಿಗೆ ನುಗ್ಗುವುದು ಗುಂಡಿ ಒತ್ತಿದಾಗ ಮಾತ್ರ, ಕೆಲವೇ ಸೆಕೆಂಡು. ಆದರೆ ಆ ಕೆಲವು ಸೆಕೆಂಡಿನಲ್ಲಿ ಕಾರು ಏರಿನಲ್ಲಿದೆ ಎನ್ನುವುದೇ ಮರೆತುಹೋಗುತ್ತದಂತೆ. ಬುಗುರಿ ಹೆಗಲಿಗೆ ಬ್ಯಾಗು ಹಾಕಿಕೊಂಡು ಬಾಗಿಲಲ್ಲಿ ನಿಂತು ಒಂದು ಮಾತೂ ಬಿಡದೆ ಕೇಳುತ್ತಿದ್ದಳು.

“ಈ ಬಾಟಲಿ ಎಷ್ಟು ಸಲ ಏರು ಹತ್ತಿಸುತ್ತೆ?” ತಾಯಿ ಕೇಳಿದಳು.

“ಹತ್ತು ಸಲ ಅಂದ್ಕೋ.”

“ನಾನು ವಾರಕ್ಕೆ ಆರು ಸಲ ಹತ್ತೋಳು. ಎರಡು ವಾರ ತುಂಬೋದ್ರೊಳಗೆ ಖಾಲಿ. ಅದನ್ನ ಹೊತ್ಕೊಂಡು ತುಂಬಿಸೋಕೆ ಹೋಗೋರು ಯಾರು, ನೀನಾ?”

ತಮ್ಮ ಬಾಟಲಿಯ ಧೂಳು ಒರೆಸತೊಡಗಿದ. ಬಾಟಲಿ ಕೂರುವುದೆಲ್ಲಿ ಎಂದು ಕೇಳಿದಳು. ಡಿಕ್ಕಿಯಲ್ಲಿ, ಹಿಂದಿನ ಸೀಟಿಗೆ ಒತ್ತಿಕೊಂಡು ಎಂದ. ಮಗಳ ಬೆನ್ನಿಗೆ ಅಂಥದ್ದನ್ನು ಇಟ್ಟುಕೊಂಡು ತಾನು ಯಾವ ಗುಂಡಿಯನ್ನೂ ಒತ್ತುವವಳಲ್ಲ ಎಂದಳು. ಅಲ್ಲಿಗೆ ನೈಟ್ರಸ್ಸಿನ ಕಥೆ ಮುಗಿಯಿತು. ದಿನಾ ಓಡಾಡುವ ಕಾರಿಗೆ ಸೂಪರ್‌ಚಾರ್ಜರೇ ಸರಿ ಎಂದು ತಮ್ಮ ಕೂಡಲೇ ಪಕ್ಷ ಬದಲಿಸಿದ. ಹತ್ತು ದಿನ ಕಾರು ಬಿಟ್ಟಿರಬೇಕು, ಪೆಟ್ರೋಲು ಸ್ವಲ್ಪ ಹೆಚ್ಚು ಕುಡಿಯುತ್ತದೆ. ಈ ಮುದಿ ಇಂಜಿನ್ ಆ ಒತ್ತಡ ತಡೆಯುತ್ತದೆಯೇ ಎಂದು ಕೇಳಿದ್ದಕ್ಕೆ ಕತ್ತು ಕೆರೆದುಕೊಂಡು, “ತಡ್ಕೊಂಡ್ರೂ ತಡ್ಕೋಬಹುದು ಅಕ್ಕ” ಎಂದ.

“ನಿಜ ಹೇಳು, ಇದು ನನ್ನ ಕಾರಿಗೆ ಬೇಕಾಗಿದ್ದೋ, ನಿನಗೆ ಬೇಕಾಗಿದ್ದೋ?”

ಅವನು ನಕ್ಕ. ಆದರೂ ದಿನಬೆಳಗಾದರೆ ಆ ಏರು ಇದ್ದೇ ಇತ್ತು. ಜಾಗ ಸಾಕಾಗುತ್ತದೆಯೇ ನೋಡು ಎಂದು ಅವಳು ಒಲ್ಲದ ಮನಸ್ಸಿನಿಂದಲೇ ಒಪ್ಪಿದಳು.

ಅಳತೆ ತೆಗೆಯಲು ಅವನು ಬಾನೆಟ್ ಎತ್ತಿ, ಇಂಜಿನ್ನಿಗೆ ಗಾಳಿ ಹೋಗುವ ದಪ್ಪ ಪೈಪು ಬಿಚ್ಚಿದ. ಒಳಗೆ ಬೆರಳು ಹಾಕಿದವನು ಹಾಗೆಯೇ ನಿಂತ. ಆಮೇಲೆ ಮೆಲ್ಲಗೆ, ಗೇಣು ಗೇಣಾಗಿ, ಮಸಿ ಹಿಡಿದ ಒಂದು ಬಟ್ಟೆ ಹೊರಗೆ ಬಂತು. ಮಸಿಯ ನಡುವೆ ಅಲ್ಲಲ್ಲಿ ಹಳದಿ ಹೂವು. ಅದು ಈ ಮನೆಯದೇ ದಿಂಬಿನ ಕವರು. ಕಳೆದ ತಿಂಗಳು ಇಂಜಿನ್ ತೊಳೆಯುವಾಗ ನೀರು ಹೋಗದಿರಲೆಂದು ಅವನೇ ಪೈಪಿನ ಬಾಯಿಗೆ ತುರುಕಿ, ತೆಗೆಯುವುದನ್ನು ಮರೆತಿದ್ದ. ಸಮ ರಸ್ತೆಗೆ ಸಾಲುವಷ್ಟು ಗಾಳಿ ಸಂದಿಯಲ್ಲಿ ಹೇಗೋ ನುಸುಳುತ್ತಿತ್ತು, ಏರಿಗೆ ಸಾಲುತ್ತಿರಲಿಲ್ಲ.

“ಅಕ್ಕ,” ಎಂದ ಅವನು, ಬಟ್ಟೆಯನ್ನು ಬೆನ್ನ ಹಿಂದೆ ಹಿಡಿದು, “ಇದನ್ನ ನನ್ನ ಗ್ಯಾರೇಜಿನ ಕಡೆ ಯಾರ ಹತ್ರಾನೂ ಹೇಳ್ಬೇಡ.”

ಅವಳು ಮೆಟ್ಟಿಲ ಮೇಲೆ ಕುಸಿದು ಕುಳಿತು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ತಿಂಗಳಿನಿಂದ ಎದೆಯಲ್ಲಿ ಗಂಟು ಕಟ್ಟಿಕೊಂಡಿದ್ದ ಗಾಬರಿ ನಗುವಿನ ಜೊತೆಗೇ ಬಿಚ್ಚಿಕೊಂಡಿತು.

ನಿಜವಾಗಿ ಸರಿಹೋಯಿತೇ ನೋಡಲು ತಮ್ಮನೂ ಮುಂದಿನ ಸೀಟಿನಲ್ಲಿ ಕುಳಿತ. ಏರು ಬಂತು. ಅವಳು ಅಭ್ಯಾಸಬಲದಿಂದ ಗೇರಿನ ಮೇಲೆ ಕೈಯಿಟ್ಟಳು, ಆದರೆ ಗೇರು ಇಳಿಸುವ ಪ್ರಸಂಗವೇ ಬರಲಿಲ್ಲ. ಕಾರು ಗುನುಗುತ್ತ ಹತ್ತತೊಡಗಿತು. ಖುಷಿಯಿಂದ ಅವಳು ಕನ್ನಡಿಯಲ್ಲಿ ಹಿಂದೆ ನೋಡಿದಳು. ಬುಗುರಿ ಸೀಟಿಗೆ ಎರಡೂ ಅಂಗೈ ಊರಿ, ಉಸಿರು ಬಿಗಿಹಿಡಿದು, ಮೈಯನ್ನು ಸೀಟಿನಿಂದ ಮೇಲೆತ್ತಿ ಕುಳಿತಿದ್ದಳು. ತೋಳುಗಳು ನಡುಗುತ್ತಿದ್ದವು.

ಕಾರು ಮೇಲೆ ತಲುಪಿತು. ಮಗು ನಿಧಾನವಾಗಿ ಕೈ ಸಡಿಲಿಸಿ, ಪೂರಾ ಭಾರ ಬಿಟ್ಟು ಸೀಟಿಗೆ ಒರಗಿತು. ಒಂದು ಗಳಿಗೆ ಕಿಟಕಿಯಾಚೆ ನೋಡಿತು. ಆಮೇಲೆ ಮುಂದಕ್ಕೆ ಬಾಗಿ ಕೇಳಿತು:

“ಮಾವ, ಹಾಗಾದ್ರೆ ಅವತ್ತು ನೀನು ಹೇಳಿದ್ಯಲ್ಲ, ಕಾರು ಹತ್ತದೇ ಇರೋದು ನಾನು ದಪ್ಪ ಆಗಿದ್ದಕ್ಕೆ ಅಂತ... ಅದಕ್ಕಲ್ವಾ?”