ಮೂರನೆಯ ಕೈ

“ಅತ್ತಿಗೆ, ಇದು ಅಂಗಡಿ ಮುಂದೆ ನೇತಾಕಿರೋ ಕೋಳಿ ತರ ಐತೆ,” ಎಂದ ರಾಜು, ತನ್ನ ಹೊಟ್ಟೆಯಿಂದ ಹೊರಬಂದಿದ್ದ ಕೈಯನ್ನು ತಲೆಯೆತ್ತಿ ನೋಡುತ್ತ. ಕಾಫಿ ಒಣಗಿಸುವ ಕಣದ ನಡುವೆ ಬೆಂಚಿನ ಮೇಲೆ ಅವನು ಅಂಗಾತ ಮಲಗಿದ್ದ. ಬನಿಯನ್ನಿನ ತೂತಿನೊಳಗಿಂದ ಎದ್ದು ನಿಂತಿದ್ದು ಪಾತ್ರೆ ತೊಳೆಯುವ ಗ್ಲೌಸು. ಕುಸುಮಾ ಹಿಂದಿನ ದಿನ ಅದಕ್ಕೆ ಕಂದು ಬಣ್ಣ ಬಳಿದು, ಹತ್ತಿ ತುಂಬಿದ್ದಳು. ಈಗ ಸ್ಟ್ಯಾಂಡಿನ ಮೇಲಿದ್ದ ಫೋನನ್ನು ಸರಿಮಾಡುವವಳಂತೆ ಅವನತ್ತ ನೋಡದೆ, “ದೂರದಿಂದ ಗೊತ್ತಾಗಲ್ಲ ಬಿಡು,” ಎಂದಳು.

ಸಿನಿಮಾ ಅವಳ ಗಂಡ ಕೀರ್ತಿಕುಮಾರನದು. ಇಪ್ಪತ್ತು ನಿಮಿಷದ್ದು. ಎಸ್ಟೇಟಿನಲ್ಲಿ ಕಾಫಿ ಕುಯ್ಯುವ ನಿಂಗನಿಗೆ ಒಂದು ಬೆಳಿಗ್ಗೆ ಹೊಟ್ಟೆಯಲ್ಲಿ ಮೂರನೆಯ ಕೈ ಮೊಳೆಯುತ್ತದೆ. ಮೊದಮೊದಲು ಸಾಹುಕಾರರಿಗೆ ಬಲು ಸಂತೋಷ. ಆಮೇಲೆ ಆ ಕೈ ತನಗೆ ತೋಚಿದಂತೆ ನಡೆದುಕೊಳ್ಳುತ್ತದೆ. ಅವರ ಕಿವಿ ಹಿಂಡುತ್ತದೆ, ಪಕ್ಕದವರ ಬುತ್ತಿಗೆ ಕೈಹಾಕುತ್ತದೆ. ಕೊನೆಗೆ ನಿಂಗನ ತಾಯಿಯೇ ಕತ್ತಿ ಹಿಡಿದು ಅದನ್ನು ಕಡಿಯಬೇಕು. ಆ ಒಂದು ಸೀನು ಬಾಕಿಯಿರುವಾಗ ಕೀರ್ತಿ ಎದೆನೋವೆಂದು ಕೂತವನು ಏಳಲಿಲ್ಲ. ಅದಾಗಿ ಎಂಟು ತಿಂಗಳು.

ತಾಯಿಯ ಪಾತ್ರ ಮಾಡುತ್ತಿದ್ದುದು ಕೀರ್ತಿಯ ತಾಯಿ ಗುರುಸಿದ್ದಮ್ಮನೇ. ಮಗ ಅರ್ಧಕ್ಕೆ ಬಿಟ್ಟ ಕೆಲಸ ಮುಗಿಸಲೇಬೇಕೆಂದು ನಿಂಗನ ಪಾತ್ರದ ರಾಜುವನ್ನು ಆಟೋ ಸ್ಟ್ಯಾಂಡಿನಿಂದ ಎಬ್ಬಿಸಿಕೊಂಡು ಬಂದವರೂ ಅವರೇ. ಬೀಟ್‌ರೂಟ್ ರಸಕ್ಕೆ ಬೆಲ್ಲದ ಪಾಕ ಸೇರಿಸಿ ರಕ್ತ ಮಾಡಿಕೊಂಡು ಅಡುಗೆಮನೆಯಿಂದ ಹೊರಬಂದವರು ಗ್ಲೌಸನ್ನು ಎರಡು ಬೆರಳಲ್ಲಿ ಎತ್ತಿ ನೋಡಿದರು.

“ಇದ್ಯಾರದು?”

“ಅದೇ ಅತ್ತೆ. ಸಿನಿಮಾದ್ದು.”

“ಅವನ ಕೈ ನಂಗೆ ಗೊತ್ತಾಗಲ್ವ? ಎಂಟು ತಿಂಗಳಲ್ಲಿ ಈ ಮನೇಲಿ ನಾಕು ಡಬ್ಬಿ ಪೌಡರ್ ಖಾಲಿಯಾಯ್ತು. ಒಬ್ಬರ ಮುಖದ ಮೇಲೂ ಕಾಣಲಿಲ್ಲ. ಹೋಗು, ತಗಂಬಾ.”

ಕುಸುಮಾ ಒಳಗೆ ಹೋದಳು. ಬೀರುವಿನಲ್ಲಿ, ಸೀರೆಗಳ ಕೆಳಗೆ, ಟವೆಲಿನಲ್ಲಿ ಸುತ್ತಿಟ್ಟ ಕೈ. ಸಂಪಾಜೆಯ ತೋಟದಿಂದ ತಂದ ರಬ್ಬರ್ ಹಾಲನ್ನು ಗಂಡನ ಎಡಗೈಗೆ ಬ್ರಷ್ಷಿನಲ್ಲಿ ಅವಳೇ ಹನ್ನೆರಡು ಸಲ ಬಳಿದಿದ್ದಳು, ಪ್ರತಿ ಸಲವೂ ಹೇರ್ ಡ್ರೈಯರ್ ಹಿಡಿದು ಒಣಗಿಸಿದ್ದಳು. ಸುಲಿಯುವಾಗ ಕೂದಲೆಲ್ಲ ಕಿತ್ತು ಬಂದು ಅವನು ಕುಣಿದಾಡಿದ್ದ. ಆ ಕೂದಲು ಇನ್ನೂ ಒಳಗಡೆ ಅಂಟಿಕೊಂಡಿದ್ದವು. ವಾರಕ್ಕೊಮ್ಮೆ ಪೌಡರ್ ಹಾಕದಿದ್ದರೆ ರಬ್ಬರ್ ಮುದುಡಿ ಒಂದಕ್ಕೊಂದು ಹಿಡಿದುಕೊಳ್ಳುತ್ತದೆ. ಒಂದು ವಾರವೂ ಅವಳು ತಪ್ಪಿಸಿರಲಿಲ್ಲ.

“ಇದು ಒಂದೇ ಇರೋದು ಅತ್ತೆ. ಕಡಿದರೆ ಮತ್ತೆ ಮಾಡಕ್ಕಾಗಲ್ಲ.”

“ಅವನು ಮಾಡಿಸಿದ್ದು ಕಡಿಯಕ್ಕೆ ತಾನೆ, ಮಗ?” ಎಂದು ಗುರುಸಿದ್ದಮ್ಮ ಅದನ್ನು ತೊಳೆದರು. ಕಡುಬಿಗೆ ಮಾಡುವ ಹಾಗೆ ಉಕ್ಕರಿಸಿದ ಬಿಸಿ ಅಕ್ಕಿಹಿಟ್ಟನ್ನು ಒಂದೊಂದೇ ಬೆರಳಿಗೆ ಒತ್ತಿ ಒತ್ತಿ ತುಂಬತೊಡಗಿದರು. ಹತ್ತಿ ತುಂಬಿದರೆ ಕತ್ತಿ ಜಾರುತ್ತದಂತೆ. “ಮಣಿಕಟ್ಟು ಹಿಡ್ಕೋ,” ಎಂದರು. ಕುಸುಮಾ ಹಿಡಿದುಕೊಂಡಳು. ಕೈ ಬೆಚ್ಚಗಿತ್ತು. ಅವಳು ತಕ್ಷಣ ಬಿಟ್ಟು, ಮತ್ತೆ ಹಿಡಿದಳು.

ಗ್ಲೌಸಿನ ಜಾಗಕ್ಕೆ ಆ ಕೈಯನ್ನು ಸಿಕ್ಕಿಸಿ, ಬುಡದಲ್ಲಿ ರಕ್ತ ತುಂಬಿದ ಪ್ಲಾಸ್ಟಿಕ್ ಚೀಲ ಕಟ್ಟಿದ ಮೇಲೆ ಫೋನು ಚಾಲೂ ಆಯಿತು. ರಾಜು ಎರಡು ಕೈಯಲ್ಲೂ ಹೊಟ್ಟೆ ಹಿಡಿದು, “ಬ್ಯಾಡ ಕಣವ್ವ, ಅದ್ಕೂ ಜೀವ ಐತೆ,” ಎಂದು ಗೋಗರೆದ. ಗುರುಸಿದ್ದಮ್ಮ ಕತ್ತಿ ಎತ್ತಿದರು. ಎತ್ತಿದ ಕತ್ತಿ ಇಳಿಯಲಿಲ್ಲ. ಬರೆದುಕೊಟ್ಟಿದ್ದ ಮಾತು ಬಿಟ್ಟು ಅವರು ಆ ಕೈಯನ್ನೇ ಕೇಳಿದರು:

“ತಿಂಡಿ ತಿಂದ್ಯೇನೋ?”

ರಾಜುವಿಗೆ ನಗು ತಡೆಯಲಾಗಲಿಲ್ಲ. ಹೊಟ್ಟೆ ಕುಲುಕಿತು, ಹೊಟ್ಟೆಯ ಜೊತೆ ಕೈಯೂ ಹೌದು, ಹೌದು ಎನ್ನುವಂತೆ ಬಾಗಿತು. ಗುರುಸಿದ್ದಮ್ಮನೂ ನಕ್ಕುಬಿಟ್ಟರು. ನಗುತ್ತಲೇ ಅದನ್ನು ಪಕ್ಕದ ಮಣೆಯ ಮೇಲೆ ಒತ್ತಿ ಹಿಡಿದು ಒಂದೇ ಏಟಿಗೆ ಕಡಿದರು. ಬೆಲ್ಲದ ರಕ್ತ ರಾಜುವಿನ ಮೂಗಿನವರೆಗೂ ಹಾರಿತು. “ನಂಗೆ ಇರುವೆ ಮುತ್ಕೊಂಡ್ರೆ ಆಸ್ಪತ್ರೆ ಖರ್ಚು ನಿಮ್ದೇ,” ಎಂದ ಅವನು, ಸತ್ತವನಂತೆ ಬಿದ್ದಲ್ಲಿಂದಲೇ.

ಏಟಿಗೆ ರಬ್ಬರ್ ಅಂಗೈವರೆಗೂ ಸೀಳಿತ್ತು. ಗುರುಸಿದ್ದಮ್ಮ ಬಾಳೆಹಣ್ಣಿನ ಸಿಪ್ಪೆಯಂತೆ ಅದನ್ನು ಸುಲಿದರು. ಒಳಗೆ ಬೆಳ್ಳಗೆ ಅಕ್ಕಿಹಿಟ್ಟಿನ ಕೈ. ಅಂಗೈಯ ಒಂದೊಂದು ಗೆರೆಯೂ ಬಿಡದೆ ಮೂಡಿತ್ತು. ಹೆಬ್ಬೆರಳ ಬುಡದಲ್ಲಿ, ಕಾಫಿ ಹಣ್ಣು ಸುಲಿಯುವ ಪಲ್ಪರಿಗೆ ಸಿಕ್ಕಿ ಕೀರ್ತಿಗೆ ಆಗಿದ್ದ ಗಾಯದ ಗುರುತೂ ಕೂಡ. ಕುಸುಮಾ ಫೋನಿನ ಹಿಂದಿನಿಂದ ಬಂದು, ಕೂತು, ಆ ಅಂಗೈಯೊಳಗೆ ತನ್ನ ಕೈ ಇಟ್ಟಳು. ಬಿಸಿ ಇನ್ನೂ ಆರಿರಲಿಲ್ಲ. ಫೋನನ್ನು ನಿಲ್ಲಿಸಲು ಯಾರಿಗೂ ನೆನಪಾಗಲಿಲ್ಲ.

ತನ್ನ ಕೈ ಬಂದ ಆ ಭಾಗವನ್ನು ಸಿನಿಮಾದಿಂದ ಕತ್ತರಿಸಿ ತೆಗೆಯಲು ಅವಳು ಕೂತಾಗ ಅತ್ತೆ, “ಇರಲಿ ಬಿಡು,” ಎಂದರು. ಸಿನಿಮಾ ಯೂಟ್ಯೂಬಿಗೆ ಹೋದ ಮೂರನೆಯ ದಿನ ಮಡಿಕೇರಿಯ ಯಾರೋ ಮಿಲನ್ ಎಂಬವನು ಕೆಳಗೆ ಬರೆದಿದ್ದ: “ನಕ್ಕು ನಕ್ಕು ಸುಸ್ತಾಯ್ತು. ಆದ್ರೆ ಕೊನೇಲಿ ಒಂದು ಮಿಸ್ಟೇಕ್. ಇದ್ದಿದ್ದು ಮೂರು ಕೈ. ಆ ನಾಲ್ಕನೇ ಕೈ ಯಾರದು?”

ಕುಸುಮಾ ಅದನ್ನು ಓದಿ ಹೇಳಿ, “ಏನಂತ ಬರೀಲಿ ಅತ್ತೆ?” ಎಂದಳು. ಕಡುಬಿಗೆ ಹಿಟ್ಟು ಮಿದಿಯುತ್ತಿದ್ದ ಗುರುಸಿದ್ದಮ್ಮ ತಲೆ ಎತ್ತಲಿಲ್ಲ.

“ನನ್ನ ಸೊಸೇದು ಅಂತ ಬರಿ.”